ಎಲ್‌ಇಡಿ ಹಾಕಿದರೂ ಬಿಲ್ ಇಳಿಯಲಿಲ್ಲವೇಕೆ? ಆರಿಸಿದ ಬಲ್ಬ್ ಮಿಣುಕುವುದೇಕೆ?

ಓದುಗರ ಪ್ರಶ್ನೆ:

“ನಮ್ಮದು ಗುಳೇದಗುಡ್ಡದಾಗ ಹಳೇ ಮಾಳಿಗಿ ಮನಿ ಸರ್. ಎರಡು ಕೈಮಗ್ಗ ಅದಾವು, ಖಣ ನೇಯ್ತೀವಿ. ಮಗ್ಗದ ಮ್ಯಾಲೆ 60 ವ್ಯಾಟಿನ ಗುಂಡು ಬಲ್ಬ್ ಎರಡು, ಪಡಸಾಲ್ಯಾಗ ಚೋಕ್ ಇರೋ ಟ್ಯೂಬ್‌ಲೈಟ್ ಎರಡು, ಉಳಿದ ಕಡೆ ಸಿಎಫ್‌ಎಲ್ ನಾಕು ಇದ್ದವು. ಶಿವರಾತ್ರಿ ಆದಮ್ಯಾಲೆ ಎಲ್ಲಾ ತೆಗೆದು ಎಲ್‌ಇಡಿ ಹಾಕಿಸಿದ್ವಿ. ಬಿಲ್ ಅರ್ಧಕ್ಕ ಇಳೀತೈತಿ ಅಂದಿದ್ರು. ಫೆಬ್ರುವರಿಯೊಳಗ 112 ಯೂನಿಟ್ ಇದ್ದದ್ದು ಏಪ್ರಿಲ್‌ನಾಗ 139 ಆತು. ನಮ್ಮ ಗೃಹಜ್ಯೋತಿ ಮಿತಿ 130, ಹಂಗಾಗಿ 9 ಯೂನಿಟ್‌ಗೆ ರೊಕ್ಕ ಕಟ್ಟಿದ್ವಿ. ಅಟ್ಟದ ಮೆಟ್ಟಿಲ ಬಲ್ಬ್ ಸ್ವಿಚ್ ಆಫ್ ಮಾಡಿದ್ರೂ ರಾತ್ರಿ ಮಿಣಿಮಿಣಿ ಅಂತೈತಿ. ಅದಕ್ಕ ಮೀಟರ್ ಓಡ್ತೈತೇನು? ಬಾಜೂ ಮನಿಯವರು, ಸಂಜೀಮುಂದ ವೋಲ್ಟೇಜ್ ಕಡಿಮಿ ಇದ್ದಾಗ ಬಲ್ಬ್ ಜಾಸ್ತಿ ಕರೆಂಟ್ ತಿಂತಾವು ಅಂತಾರ. ಎರಡು ಬಲ್ಬ್ ಒಂದೇ ಸಾಲಿನ್ಯಾಗ ಜೋಡಿಸಿದ್ರ ಅರ್ಧ ಉಳಿತೈತಿ ಅಂತನೂ ಅಂತಾರ. ಮಗಳು ಸಾಲಿ ವಿಜ್ಞಾನ ಪ್ರದರ್ಶನಕ್ಕ ಹಂಗ 100ರ ಬಲ್ಬ್‌ಗೆ ಜೀರೋ ಬಲ್ಬ್ ಜೋಡಿಸಿ ನೋಡಿದ್ಲು. ಜೀರೋ ಬಲ್ಬ್ ಚಲೋತ್ನಾಗ ಹತ್ತಿತು, 100ರದ್ದು ಹತ್ತಲೇ ಇಲ್ಲ! ಎರಡೇ ತಿಂಗಳದಾಗ ಒಂದು ಎಲ್‌ಇಡಿ ಸುಟ್ಟೂ ಹೋತು. ಪೇಟ್ಯಾಗ ಸಿಗೋ ಕರೆಂಟ್ ಉಳಿಸೋ ಡಬ್ಬಿ ತಂದು ಹಾಕಲೇನು?”

ಉತ್ತರ:

ನಿಮ್ಮ ಪತ್ರದಲ್ಲಿ ಆರೇಳು ಪ್ರಶ್ನೆಗಳಿದ್ದರೂ ಚಿಂತೆ ಎರಡೇ. ರೊಕ್ಕ ಹಾಕಿ ಬಲ್ಬ್ ಬದಲಿಸಿದ್ದು ದಂಡವಾಯಿತೇ? ಕಣ್ಣಿಗೆ ಕಾಣದ ಹಾಗೆ ಎಲ್ಲೋ ಕರೆಂಟ್ ಸೋರುತ್ತಿದೆಯೇ? ಬಲ್ಬ್‌ಗೆ ಹಾಕಿದ ರೊಕ್ಕ ದಂಡವಾಗಿಲ್ಲ, ಲೆಕ್ಕ ಕೆಳಗಿದೆ. ಮೆಟ್ಟಿಲ ಬಲ್ಬ್ ಮಿಣುಕುವುದರಿಂದ ಬಿಲ್ ಏರಿಲ್ಲ. ಆದರೆ ಆ ಮಿಣುಕನ್ನು ಈ ವಾರವೇ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಕರೆಂಟ್ ಹೊಡೆಸಿಕೊಳ್ಳುವ ಅಪಾಯ ಅಲ್ಲಿ ಇರಬಹುದು.

ಮೊದಲು ಬಿಲ್. ವ್ಯಾಟನ್ನು ಗಂಟೆಯಿಂದ ಗುಣಿಸಿ 1000ದಿಂದ ಭಾಗಿಸಿದರೆ ಯೂನಿಟ್ ಬರುತ್ತದೆ. ಮಗ್ಗದ ಮೇಲಿನ ಎರಡು 60ರ ಬಲ್ಬ್ ದಿನಕ್ಕೆ 6 ಗಂಟೆಯಂತೆ ತಿಂಗಳಿಗೆ 26 ದಿನ ಉರಿದರೆ 18.7 ಯೂನಿಟ್. ಹಳೆಯ ಟ್ಯೂಬ್‌ಲೈಟ್‌ನ ಕೊಳವೆ 40 ವ್ಯಾಟಿನದಾದರೂ ತಾಮ್ರದ ಚೋಕ್ ತಾನೇ ಬಿಸಿಯಾಗಿ 12 ವ್ಯಾಟಿನಷ್ಟು ತಿನ್ನುತ್ತದೆ. ಹಾಗಾಗಿ ಒಂದಕ್ಕೆ 52 ವ್ಯಾಟ್ ಹಿಡಿದು ದಿನಕ್ಕೆ 5 ಗಂಟೆಯಂತೆ ಎರಡಕ್ಕೆ 15.6 ಯೂನಿಟ್. ನಾಲ್ಕು ಸಿಎಫ್‌ಎಲ್‌ಗೆ 14 ವ್ಯಾಟ್, 2 ಗಂಟೆಯ ಲೆಕ್ಕದಲ್ಲಿ 3.4 ಯೂನಿಟ್. ಒಟ್ಟು 37.7 ಆಯಿತು. ಈಗ ಅದೇ ಗಂಟೆಗಳಿಗೆ ಮಗ್ಗದ ಎರಡು 9 ವ್ಯಾಟಿನ ಎಲ್‌ಇಡಿಗೆ 2.8, ಪಡಸಾಲೆಯ ಎರಡು 20 ವ್ಯಾಟಿನ ಎಲ್‌ಇಡಿ ಟ್ಯೂಬಿಗೆ 6, ಉಳಿದ ನಾಲ್ಕು ಬಲ್ಬಿಗೆ 2.2. ಸೇರಿಸಿದರೆ 11. ಅಂದರೆ ತಿಂಗಳಿಗೆ ಸುಮಾರು 27 ಯೂನಿಟ್ ನಿಜವಾಗಿಯೂ ಉಳಿಯುತ್ತಿದೆ.

ಹಾಗಿದ್ದರೆ ಬಿಲ್ ಏರಿದ್ದು ಹೇಗೆ? ನೀವು ಹೋಲಿಸಿದ್ದು ಫೆಬ್ರುವರಿಯನ್ನು ಏಪ್ರಿಲ್‌ಗೆ. ಬಾಗಲಕೋಟೆ ಜಿಲ್ಲೆಯ ಏಪ್ರಿಲ್ ಎಂಥದ್ದು ಎಂದು ನಿಮಗೆ ಹೇಳಬೇಕಾಗಿಲ್ಲ. ಮೂರು ಫ್ಯಾನ್ ಇರುವ ಮನೆಯಲ್ಲಿ ಒಂದೊಂದು 75 ವ್ಯಾಟಿನದು ಎಂದು ಹಿಡಿಯಿರಿ. ಚಳಿ ಬಿಡುವ ಹೊತ್ತಿಗೆ ದಿನಕ್ಕೆ 4 ಗಂಟೆ ತಿರುಗಿದರೆ ತಿಂಗಳಿಗೆ 27 ಯೂನಿಟ್. ಬೇಸಿಗೆಯಲ್ಲಿ 12 ಗಂಟೆ ತಿರುಗಿದರೆ 81. ಬಲ್ಬ್ ಉಳಿಸಿದ 27ನ್ನು ನುಂಗಿದ ಫ್ಯಾನ್, ಅದರ ಮೇಲೆ ಇನ್ನೂ 27 ಸೇರಿಸಿತು. ಫೆಬ್ರುವರಿಯ 112ಕ್ಕೆ ಈ 27 ಕೂಡಿಸಿ ನೋಡಿ, 139 ಬರುತ್ತದೆ. ನಿಮ್ಮ ಬಿಲ್ಲೂ 139. ಹೋದ ವರ್ಷದ ಏಪ್ರಿಲ್ ಬಿಲ್ ಮನೆಯಲ್ಲಿದ್ದರೆ ಹುಡುಕಿ ತೆಗೆಯಿರಿ. ಬಳಕೆ ಹೀಗೇ ಇದ್ದಿದ್ದರೆ ಅದು 165ರ ಆಸುಪಾಸು ಇರಬೇಕು. ಎಲ್‌ಇಡಿಯ ಲಾಭ ನೋಡಬೇಕಾದದ್ದು ಆ ಬಿಲ್ಲಿನ ಪಕ್ಕದಲ್ಲಿ. ಇನ್ನೊಂದು ಮಾತು: ರೀಡಿಂಗ್ ಒಂದು ತಿಂಗಳು 28 ದಿನಕ್ಕೆ, ಇನ್ನೊಂದು ತಿಂಗಳು 33 ದಿನಕ್ಕೆ ಆಗುವುದುಂಟು. ಯೂನಿಟನ್ನು ದಿನಗಳಿಂದ ಭಾಗಿಸಿಯೇ ಹೋಲಿಸಿ.

ನನ್ನ ಲೆಕ್ಕವನ್ನು ನಂಬಬೇಕಾಗಿಲ್ಲ, ನಿಮ್ಮ ಮೀಟರನ್ನೇ ಕೇಳಬಹುದು. ಹೆಸ್ಕಾಂ ಹಾಕಿರುವ ಎಲೆಕ್ಟ್ರಾನಿಕ್ ಮೀಟರಿನಲ್ಲಿ ಒಂದು ಸಣ್ಣ ಕೆಂಪು ದೀಪ ಮಿನುಗುತ್ತಿರುತ್ತದೆ. ಅದರ ಹತ್ತಿರ 3200 ಅಥವಾ 1600 ಇಂಪಲ್ಸ್ ಎಂದು ಬರೆದಿರುತ್ತದೆ. 3200 ಸಲ ಮಿನುಗಿದರೆ ಒಂದು ಯೂನಿಟ್ ಎಂದರ್ಥ. ಒಂದು ಮಿನುಗಿನಿಂದ ಮುಂದಿನ ಮಿನುಗಿಗೆ ಎಷ್ಟು ಸೆಕೆಂಡ್ ಎಂದು ಮೊಬೈಲಿನಲ್ಲಿ ಎಣಿಸಿ, 1125ನ್ನು ಆ ಸೆಕೆಂಡಿನಿಂದ ಭಾಗಿಸಿ. ಆ ಕ್ಷಣದಲ್ಲಿ ಮನೆ ಎಳೆಯುತ್ತಿರುವ ವ್ಯಾಟ್ ಸಿಗುತ್ತದೆ. (1600 ಎಂದಿದ್ದರೆ 2250ನ್ನು ಭಾಗಿಸಿ.) ಫ್ರಿಜ್, ಟಿವಿ ಪ್ಲಗ್ ಕಿತ್ತು, ಮನೆಯ ಎಲ್ಲ ಎಲ್‌ಇಡಿಗಳನ್ನು ಒಟ್ಟಿಗೆ ಹಚ್ಚಿ. 94 ವ್ಯಾಟ್ ಆಗುತ್ತದೆ, ಹನ್ನೆರಡು ಸೆಕೆಂಡಿಗೊಮ್ಮೆ ಮಿನುಗಬೇಕು. ಅವನ್ನೆಲ್ಲ ಆರಿಸಿ ಮೂರು ಫ್ಯಾನ್ ಮಾತ್ರ ಪೂರ್ತಿ ವೇಗದಲ್ಲಿ ಹಾಕಿ. ಐದೇ ಸೆಕೆಂಡಿಗೊಮ್ಮೆ ಮಿನುಗುತ್ತದೆ. ಮನೆಯಲ್ಲಿ ಯಾವುದು ಎಷ್ಟು ತಿನ್ನುತ್ತದೆ ಎಂದು ತಿಳಿಯಲು ಇದಕ್ಕಿಂತ ಸರಳ ದಾರಿ ಇಲ್ಲ. ಖರ್ಚೂ ಇಲ್ಲ.

ಈಗ ಮಗಳ ಪ್ರಯೋಗಕ್ಕೆ ಬರೋಣ. ಬಾಜೂ ಮನೆಯವರ ಎರಡೂ ಮಾತಿಗೆ ಉತ್ತರ ಅದರೊಳಗೇ ಇದೆ.

ಬಲ್ಬಿನ ಮೇಲೆ ಬರೆದ ವ್ಯಾಟ್ ಅದಕ್ಕೆ ಪೂರ್ತಿ 230 ವೋಲ್ಟ್ ಸಿಕ್ಕಾಗಿನ ಮಾತು. ಬಲ್ಬಿನೊಳಗೆ ಅಷ್ಟು ಕರೆಂಟ್ ತುಂಬಿಟ್ಟಿದೆ ಎಂದೇನೂ ಅಲ್ಲ. ಒಳಗಿರುವುದು ಟಂಗ್‌ಸ್ಟನ್ ತಂತಿ, ಅದರ ಗುಣ ಅದರ ರೋಧ, ಅಂದರೆ ಕರೆಂಟ್ ಹರಿಯಲು ಅದು ಒಡ್ಡುವ ತಡೆ. 230ನ್ನು 230ರಿಂದಲೇ ಗುಣಿಸಿ ವ್ಯಾಟಿನಿಂದ ಭಾಗಿಸಿದರೆ ರೋಧ ಬರುತ್ತದೆ: 100ರ ಬಲ್ಬಿಗೆ 529 ಓಮ್, 15 ವ್ಯಾಟಿನ ಜೀರೋ ಬಲ್ಬಿಗೆ ಸುಮಾರು 3,530 ಓಮ್. ವ್ಯಾಟ್ ಕಡಿಮೆಯಾದಷ್ಟೂ ರೋಧ ಹೆಚ್ಚು. ಈ ತಿರುವು ಗೊತ್ತಿಲ್ಲದಿದ್ದರೆ ಮಗಳು ಕಂಡದ್ದು ಮಾಟದಂತೆ ಕಾಣುತ್ತದೆ.

ಮನೆಯ ವೈರಿಂಗ್‌ನಲ್ಲಿ ಪ್ರತಿ ಬಲ್ಬೂ ಫೇಸ್ (ಕರೆಂಟ್ ತರುವ ವೈರು) ಮತ್ತು ನ್ಯೂಟ್ರಲ್ (ಅದು ವಾಪಸು ಹೋಗುವ ವೈರು) ನಡುವೆ ತನ್ನದೇ ದಾರಿಯಲ್ಲಿರುತ್ತದೆ. ಇದು ಪ್ಯಾರಲಲ್. ಎಲ್ಲಕ್ಕೂ ಅದೇ 230 ವೋಲ್ಟ್ ಸಿಗುವುದರಿಂದ ರೋಧ ಕಡಿಮೆ ಇರುವ 100ರ ಬಲ್ಬ್ ಹೆಚ್ಚು ಕರೆಂಟ್ ಎಳೆದು ಹೆಚ್ಚು ಬೆಳಗುತ್ತದೆ. ಒಂದರ ಹಿಂದೆ ಒಂದು ಜೋಡಿಸಿದಾಗ, ಅಂದರೆ ಸೀರೀಸ್‌ನಲ್ಲಿ, ಎರಡರಲ್ಲೂ ಹರಿಯುವ ಕರೆಂಟ್ ಒಂದೇ. ವೋಲ್ಟ್ ಮಾತ್ರ ಪಾಲಾಗುತ್ತದೆ, ರೋಧ ಹೆಚ್ಚಿದ್ದವನಿಗೆ ದೊಡ್ಡ ಪಾಲು. ಮೇಲಿನ ಅಂಕಿಗಳ ಪ್ರಕಾರ ಜೀರೋ ಬಲ್ಬಿಗೆ 200, 100ರ ಬಲ್ಬಿಗೆ 30 ವೋಲ್ಟ್ ಬರಬೇಕು. ವಾಸ್ತವದಲ್ಲಿ 30 ಕೂಡ ಬರುವುದಿಲ್ಲ. 529 ಓಮ್ ಎಂಬುದು ತಂತಿ ಬೆಳ್ಳಗೆ ಕಾದಾಗಿನ ರೋಧ. ತಣ್ಣಗಿದ್ದಾಗ ಅದು ಹತ್ತು ಹದಿನೈದು ಪಟ್ಟು ಕಡಿಮೆ, 40 ಓಮಿನ ಆಸುಪಾಸು. ಜೀರೋ ಬಲ್ಬ್ ಬಿಡುವ ಅಲ್ಪ ಕರೆಂಟಿನಲ್ಲಿ 100ರ ತಂತಿ ಕಾಯುವುದೇ ಇಲ್ಲ. ಹಾಗಾಗಿ ಹೆಚ್ಚುಕಡಿಮೆ ಇಡೀ ವೋಲ್ಟೇಜ್ ಜೀರೋ ಬಲ್ಬಿನ ಪಾಲಾಗುತ್ತದೆ, ಅದು ಎಂದಿನಂತೆ ಹತ್ತುತ್ತದೆ. ಇಡೀ ಸರ್ಕೀಟ್ ತಿನ್ನುವುದು 15 ವ್ಯಾಟಿನಷ್ಟೇ.

“ಸಾಲಿನಲ್ಲಿ ಜೋಡಿಸಿದರೆ ಅರ್ಧ ಉಳಿಯುತ್ತದೆ” ಎಂಬ ಮಾತು ಹುಟ್ಟಿದ್ದು ಇಲ್ಲಿಂದಲೇ. ಮೀಟರ್ ಕಡಿಮೆ ಓಡುವುದು ನಿಜ, ಆದರೆ ಬೆಳಕು ಅದಕ್ಕಿಂತ ಬೇಗ ಸಾಯುತ್ತದೆ. ಎರಡು 60ರ ಬಲ್ಬ್ ಸೀರೀಸ್‌ನಲ್ಲಿ ಹಾಕಿದರೆ ತಲಾ 115 ವೋಲ್ಟ್. ಆಗ ಒಂದೊಂದು ಸುಮಾರು 20 ವ್ಯಾಟ್ ತಿನ್ನುತ್ತದೆ, ಕೊಡುವ ಬೆಳಕು ಮಾತ್ರ ಮೊದಲಿನದರ ಹತ್ತನೇ ಒಂದು ಪಾಲು. ತಂತಿ ಸ್ವಲ್ಪ ತಣ್ಣಗಾದರೂ ಅದು ಹೊರಸೂಸುವುದರಲ್ಲಿ ಬಹುಪಾಲು ಶಾಖವಾಗುತ್ತದೆ, ಕಣ್ಣಿಗೆ ಕಾಣುವ ಬೆಳಕು ಉಳಿಯುವುದಿಲ್ಲ. ಎರಡೂ ಸೇರಿ 40 ವ್ಯಾಟ್ ಸುಟ್ಟು ಕೊಡುವಷ್ಟು ಕೆಂಪು ಬೆಳಕನ್ನು 2 ವ್ಯಾಟಿನ ಎಲ್‌ಇಡಿ ಕೊಡುತ್ತದೆ. ಮಗ್ಗದ ಮೇಲೆ ಅದನ್ನು ಹಾಕಿದರೆ ಎಳೆ ಕಾಣುವುದಿಲ್ಲ. ಇನ್ನು ಎಲ್‌ಇಡಿ ಬಲ್ಬ್‌ಗಳನ್ನಂತೂ ಸೀರೀಸ್‌ನಲ್ಲಿ ಜೋಡಿಸಲೇಬೇಡಿ. ಅವುಗಳೊಳಗಿನ ಡ್ರೈವರ್ ಸರ್ಕೀಟುಗಳು (ಮನೆಯ ಕರೆಂಟನ್ನು ಎಲ್‌ಇಡಿ ಚಿಪ್‌ಗೆ ಒಗ್ಗಿಸುವ ಭಾಗ) ವೋಲ್ಟ್ ಅನ್ನು ಸಮನಾಗಿ ಹಂಚಿಕೊಳ್ಳುವುದಿಲ್ಲ. ಒಂದು ಮಿಟುಕುತ್ತದೆ, ಒಂದು ಕೆಡುತ್ತದೆ. ಸೀರೀಸ್ ಬಲ್ಬಿಗೆ ಒಳ್ಳೆಯ ಉಪಯೋಗ ಇರುವುದು ರಿಪೇರಿ ಅಂಗಡಿಯಲ್ಲಿ. ರಿಪೇರಿಗೆ ಬಂದ ಮಿಕ್ಸರನ್ನು 100ರ ಬಲ್ಬಿನ ಹಿಂದೆ ಜೋಡಿಸಿ ಪರೀಕ್ಷಿಸುತ್ತಾರೆ. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಹತ್ತುತ್ತದೆ, ಫ್ಯೂಜ್ ಹಾರುವುದಿಲ್ಲ.

ವೋಲ್ಟೇಜ್ ಕಡಿಮೆಯಾದಾಗ ಬಲ್ಬ್ ಹೆಚ್ಚು ತಿನ್ನುತ್ತದೆ ಎಂಬ ಮಾತು ಗುಂಡು ಬಲ್ಬಿನ ಮಟ್ಟಿಗೆ ಶುದ್ಧ ಸುಳ್ಳು. 180 ವೋಲ್ಟಿನಲ್ಲಿ 60ರ ಬಲ್ಬ್ ಎಳೆಯುವುದು 41 ವ್ಯಾಟಿನಷ್ಟು, ಬೆಳಕು ಅರ್ಧಕ್ಕೂ ಕಡಿಮೆ. ಒಳ್ಳೆಯ ಡ್ರೈವರ್ ಇರುವ ಎಲ್‌ಇಡಿ 180ರಲ್ಲೂ 230ರಲ್ಲೂ ಅದೇ 9 ವ್ಯಾಟ್ ಎಳೆಯುತ್ತದೆ. ವೋಲ್ಟ್ ಇಳಿದಷ್ಟು ಆಂಪಿಯರ್ ಏರಿಸಿಕೊಳ್ಳುತ್ತದೆ, ಆದರೆ ಮೀಟರ್ ಎಣಿಸುವುದು ಇವೆರಡರ ಗುಣಾಕಾರವನ್ನು. ಯೂನಿಟ್ ಬದಲಾಗುವುದಿಲ್ಲ. ಅಗ್ಗದ ಎಲ್‌ಇಡಿಯಲ್ಲಿ ಅಂಥ ಡ್ರೈವರ್ ಇರುವುದಿಲ್ಲ, ವೋಲ್ಟ್ ಇಳಿದರೆ ಬೆಳಕೂ ಇಳಿಯುತ್ತದೆ. ಆಗಲೂ ಹೆಚ್ಚು ತಿನ್ನುವುದಿಲ್ಲ. ಬಾಜೂ ಮನೆಯವರ ಮಾತಿನಲ್ಲಿ ಸತ್ಯ ಇರುವುದು ಮೋಟಾರಿನ ಮಟ್ಟಿಗೆ. ನೀರೆತ್ತುವ ಮೋಟಾರ್, ಫ್ರಿಜ್ ಕಂಪ್ರೆಸರ್ ಲೋ ವೋಲ್ಟೇಜ್‌ನಲ್ಲಿ ಹೆಚ್ಚು ಆಂಪಿಯರ್ ಎಳೆದು ಸುರುಳಿ ಬಿಸಿ ಮಾಡಿಕೊಳ್ಳುತ್ತವೆ. ಸಂಜೆ ಟಿಸಿಯ (ಓಣಿಯ ಟ್ರಾನ್ಸ್‌ಫಾರ್ಮರಿನ) ಮೇಲೆ ಹೊರೆ ಬಿದ್ದು ದೀಪಗಳು ಮಂಕಾದ ಹೊತ್ತಿನಲ್ಲಿ ಮೋಟಾರ್ ಹಾಕದೆ ಬೆಳಿಗ್ಗೆ ನೀರು ಏರಿಸಿಕೊಳ್ಳಿ.

ಕರೆಂಟ್ ಉಳಿಸುವ ಡಬ್ಬಿ ತರಬೇಡಿ. ಅದನ್ನು ಬಿಚ್ಚಿದರೆ ಒಳಗೆ ಸಿಗುವುದು ಒಂದು ಕೆಪಾಸಿಟರ್, ಒಂದು ಹಸಿರು ದೀಪ. ಅದು ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) ಸರಿಪಡಿಸುತ್ತದೆ ಎನ್ನುವುದರಲ್ಲಿ ತಕ್ಕಮಟ್ಟಿನ ನಿಜ ಇದೆ. ಆದರೆ ನಿಮ್ಮ ಮನೆಯ ಬಿಲ್ ಬರುವುದು ಕಿಲೋವ್ಯಾಟ್ ಗಂಟೆಯ ಮೇಲೆ, ಪವರ್ ಫ್ಯಾಕ್ಟರ್ ಮೇಲೆ ಅಲ್ಲ. ಅಗ್ಗದ 9 ವ್ಯಾಟಿನ ಎಲ್‌ಇಡಿಯ ಪವರ್ ಫ್ಯಾಕ್ಟರ್ 0.5 ಇದ್ದರೆ, ವೈರಿನ ಸುತ್ತ ಹಿಡಿದು ಆಂಪಿಯರ್ ಅಳೆಯುವ ಕ್ಲಾಂಪ್ ಮೀಟರಿನಲ್ಲಿ ಅದರ ಕರೆಂಟ್ ಎರಡು ಪಟ್ಟು ಕಾಣುತ್ತದೆ. ಅದನ್ನು ತೋರಿಸಿ ಹೆದರಿಸುವವರೂ ಇದ್ದಾರೆ. ಮೀಟರ್ ಮಾತ್ರ 9 ವ್ಯಾಟನ್ನೇ ಎಣಿಸುತ್ತದೆ.

ಇನ್ನು ಮೆಟ್ಟಿಲ ಬಲ್ಬ್. ಇದನ್ನು ಸ್ವಲ್ಪ ನಿಧಾನವಾಗಿ ಓದಿ.

ಗುಂಡು ಬಲ್ಬಿನ ತಂತಿ ಕಾಯಬೇಕಾದರೆ ನೂರಾರು ಮಿಲಿಆಂಪ್ ಬೇಕು. ಎಲ್‌ಇಡಿ ಚಿಪ್ ಕತ್ತಲಲ್ಲಿ ಮಿಣುಕಲು ಒಂದು ಮಿಲಿಆಂಪಿನ ಸಣ್ಣ ಪಾಲು ಸಾಕು. ಹಾಗಾಗಿ ವೈರಿಂಗ್‌ನಲ್ಲಿ ಮೊದಲಿನಿಂದಲೂ ಇದ್ದ ಸಂಗತಿಯನ್ನು ಎಲ್‌ಇಡಿ ಈಗ ತೋರಿಸುತ್ತಿದೆ, ಅಷ್ಟೆ. ಕಾರಣ ನಾಲ್ಕು ಇರಬಹುದು.

ಮೆಟ್ಟಿಲಿಗೆ ಕೆಳಗೊಂದು ಮೇಲೊಂದು ಟೂ-ವೇ ಸ್ವಿಚ್ ಇದ್ದರೆ ಎರಡು ವೈರು ಒಂದೇ ಪೈಪಿನಲ್ಲಿ ಎಂಟು ಹತ್ತು ಮೀಟರ್ ಜೊತೆಯಾಗಿ ಓಡುತ್ತವೆ. ಒಂದರಲ್ಲಿ ಫೇಸ್ ಇದ್ದರೆ ಮುಟ್ಟದೆಯೇ ಇನ್ನೊಂದರಲ್ಲಿ ಅಲ್ಪ ಕರೆಂಟ್ ಹುಟ್ಟುತ್ತದೆ. ಅಷ್ಟು ಉದ್ದಕ್ಕೆ ಅದು ಒಂದು ಮಿಲಿಆಂಪಿನ ಹತ್ತನೇ ಒಂದಕ್ಕಿಂತ ಕಡಿಮೆ. ವರ್ಷವಿಡೀ ಮಿಣುಕಿದರೂ ಕಾಲು ಯೂನಿಟ್ ಆಗುವುದಿಲ್ಲ, ಅಪಾಯವೂ ಇಲ್ಲ. ಎರಡನೆಯದು ಕೆಂಪು ಇಂಡಿಕೇಟರ್ ಇರುವ ಸ್ವಿಚ್. ಆಫ್ ಇದ್ದಾಗ ಆ ಸಣ್ಣ ನಿಯಾನ್ ದೀಪ ತನ್ನ ಕರೆಂಟನ್ನು ಬಲ್ಬಿನ ಮೂಲಕವೇ ಎಳೆಯುತ್ತದೆ. ಸಾಮಾನ್ಯ ಸ್ವಿಚ್ ಹಾಕಿದರೆ ಮಿಣುಕು ನಿಲ್ಲುತ್ತದೆ.

ಮೂರನೆಯದು ಅಪಾಯದ್ದು: ಸ್ವಿಚ್ಚನ್ನು ಫೇಸ್ ಬದಲು ನ್ಯೂಟ್ರಲ್ ವೈರಿಗೆ ಹಾಕಿರುವುದು. ಆಗ ಸ್ವಿಚ್ ಆಫ್ ಮಾಡಿದರೂ ಹೋಲ್ಡರಿನಲ್ಲಿ 230 ವೋಲ್ಟ್ ಜೀವಂತ ಇರುತ್ತದೆ. ಆಫ್ ಮಾಡಿದ್ದೇನೆ ಎಂಬ ಧೈರ್ಯದಲ್ಲಿ ಕಬ್ಬಿಣದ ಏಣಿ ಹತ್ತಿ ಬಲ್ಬ್ ಬದಲಿಸುವವರ ಬೆರಳು ಪಿನ್‌ಗೆ ತಾಗಿದರೆ ಮುಗಿಯಿತು. ಪಟ್ಟಿ ಹೊಡೆದು ಮಾಡಿದ ಹಳೆಯ ವೈರಿಂಗ್‌ನಲ್ಲಿ ಎರಡೂ ವೈರಿನ ಬಣ್ಣ ಒಂದೇ ಆಗಿ ಮಾಸಿರುತ್ತದೆ, ಯಾವುದು ಯಾವುದೋ ತಿಳಿಯುವುದಿಲ್ಲ. ಕಂಬದಲ್ಲಿ ಸರ್ವಿಸ್ ವೈರು ಮತ್ತೆ ಜೋಡಿಸುವಾಗ ಫೇಸ್-ನ್ಯೂಟ್ರಲ್ ಅದಲುಬದಲಾದರೆ ಇಡೀ ಮನೆಯ ಸ್ವಿಚ್ಚುಗಳೆಲ್ಲ ಒಮ್ಮೆಗೇ ನ್ಯೂಟ್ರಲ್ ಮೇಲೆ ಬಂದು ಕೂರುತ್ತವೆ. ಅದನ್ನು ಯಾರೂ ಗಮನಿಸುವುದಿಲ್ಲ, ಏಕೆಂದರೆ ದೀಪಗಳೆಲ್ಲ ಎಂದಿನಂತೆ ಹತ್ತುತ್ತವೆ, ಆರುತ್ತವೆ.

ನಾಲ್ಕನೆಯದು ಸೋರಿಕೆ. ಮಣ್ಣಿನ ಮಾಳಿಗೆ ಸೋರಿ ಗೋಡೆ ತೇವವಾದರೆ, ಇಲಿ ವೈರಿನ ಹೊದಿಕೆ ಕಡಿದಿದ್ದರೆ, ಕರೆಂಟ್ ಗೋಡೆಯ ಮೂಲಕ ನೆಲಕ್ಕೆ ಇಳಿಯುತ್ತದೆ. ಬಿಲ್ಲಿಗೂ ಪೆಟ್ಟು ಕೊಡುವುದು ಇದೊಂದೇ. 50 ಮಿಲಿಆಂಪ್ ಹಗಲೂ ರಾತ್ರಿ ಸೋರಿದರೆ ತಿಂಗಳಿಗೆ 8 ಯೂನಿಟ್. ಮಿಣುಕು ಮಳೆಗಾಲದಲ್ಲಿ ಜಾಸ್ತಿ, ಬೇಸಿಗೆಯಲ್ಲಿ ಕಡಿಮೆ ಆಗುತ್ತಿದ್ದರೆ ಇದರ ಮೇಲೆಯೇ ಅನುಮಾನ ಪಡಬೇಕು.

ಯಾವುದು ಎಂದು ಗುರುತಿಸುವುದು ಹೀಗೆ. ಹಗಲಲ್ಲಿ, ಕಾಲಲ್ಲಿ ಒಣ ಚಪ್ಪಲಿ ಇದ್ದು, ಕಟ್ಟಿಗೆಯ ಸ್ಟೂಲ್ ಮೇಲೆ ನಿಂತು ಮಾಡುವ ಕೆಲಸ ಇದು. ಮೊದಲು ಮೇನ್ ಆಫ್ ಮಾಡಿ ಬಲ್ಬ್ ತೆಗೆಯಿರಿ. ಮೆಟ್ಟಿಲ ಸ್ವಿಚ್ ಆಫ್ ಇರಲಿ. ಮೇನ್ ಆನ್ ಮಾಡಿ, ಟೆಸ್ಟರ್ ಸರಿಯಿದೆಯೇ ಎಂದು ಒಂದು ಪ್ಲಗ್ಗಿನಲ್ಲಿ ನೋಡಿಕೊಂಡು, ಹೋಲ್ಡರಿನ ಎರಡು ಪಿನ್ನಿಗೂ ಒಂದೊಂದಾಗಿ ಮುಟ್ಟಿಸಿ. ಒಂದು ಪಿನ್ನಿನಲ್ಲಿ ಪ್ಲಗ್ಗಿನಷ್ಟೇ ಪ್ರಖರವಾಗಿ ಹತ್ತಿದರೆ ಸ್ವಿಚ್ ನ್ಯೂಟ್ರಲ್ ಮೇಲಿದೆ. ಕಂಡೂ ಕಾಣದ ಹಾಗೆ ಮಂಕಾಗಿ ಹತ್ತಿದರೆ ಜೊತೆವೈರಿನ ಪ್ರಭಾವ ಇರಬಹುದು, ಸೋರಿಕೆಯೂ ಇರಬಹುದು. ಇವೆರಡನ್ನು ಬೇರ್ಪಡಿಸಲು ಮೀಟರಿಗೆ ಹೋಗಿ. ಮನೆಯ ಎಲ್ಲ ಸ್ವಿಚ್ ಆಫ್, ಎಲ್ಲ ಪ್ಲಗ್ ಕಿತ್ತು, ಮೇನ್ ಮಾತ್ರ ಆನ್ ಇಟ್ಟು ಹತ್ತು ನಿಮಿಷ ಕೆಂಪು ದೀಪ ನೋಡಿ. ಒಮ್ಮೆಯೂ ಮಿನುಗದಿದ್ದರೆ ಬಿಲ್ಲಿಗೆ ತಗಲುವಂಥ ಸೋರಿಕೆ ಇಲ್ಲ. ಮಿನುಗಿದರೆ ಇದೆ. ಮೀಟರಿನಲ್ಲಿ ಅರ್ಥ್ ಎಂದು ಸೂಚಿಸುವ ಇನ್ನೊಂದು ದೀಪ ಇದ್ದು ಅದು ಉರಿಯುತ್ತಿದ್ದರಂತೂ ಹೋದ ಕರೆಂಟ್ ನ್ಯೂಟ್ರಲ್‌ನಲ್ಲಿ ಪೂರ್ತಿ ವಾಪಸು ಬರುತ್ತಿಲ್ಲ ಎಂದೇ ಅರ್ಥ.

ಇಲ್ಲಿಂದ ಮುಂದೆ ನೀವು ಕೈ ಹಾಕಬೇಡಿ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಬರಲಿ. ಅವರಿಗೆ ಹೀಗೆ ಹೇಳಿ: ಫೇಸ್ ಮೊದಲ ಸ್ವಿಚ್ಚಿಗೆ ಬರಬೇಕು, ಅಲ್ಲಿಂದ ಎರಡು ವೈರು ಎರಡನೆಯ ಸ್ವಿಚ್ಚಿಗೆ, ಅಲ್ಲಿಂದ ಒಂದು ಬಲ್ಬಿಗೆ. ನ್ಯೂಟ್ರಲ್ ಯಾವ ಸ್ವಿಚ್ಚಿಗೂ ಹೋಗದೆ ನೇರ ಹೋಲ್ಡರಿಗೆ ಬರಬೇಕು. ಹಳೆಯ ಮನೆಗಳಲ್ಲಿ ವೈರು ಉಳಿಸಲು ಎರಡೂ ಸ್ವಿಚ್ಚಿಗೆ ಫೇಸನ್ನೂ ನ್ಯೂಟ್ರಲನ್ನೂ ತಂದು ಬಿಟ್ಟಿರುವುದುಂಟು. ಮಿಣುಕಿಗೆ ಅದು ಕಾರಣವಲ್ಲ. ಆದರೆ ಅಂಥ ಜೋಡಣೆಯಲ್ಲಿ ಒಂದು ರೀತಿ ಆರಿಸಿದಾಗ ಹೋಲ್ಡರಿನ ಎರಡೂ ಪಿನ್ನಿನಲ್ಲಿ ಫೇಸ್ ನಿಂತಿರುತ್ತದೆ. ಕಂಡರೆ ಕಿತ್ತುಹಾಕಿಸಿ. ಸೋರಿಕೆ ಇದ್ದರೆ 500 ವೋಲ್ಟಿನ ಮೆಗ್ಗರ್ (ವೈರಿನ ಹೊದಿಕೆ ಗಟ್ಟಿಯಿದೆಯೇ ಎಂದು ಅಳೆಯುವ ಮೀಟರ್) ಹಾಕಿಸಿ. ವೈರಿಗೂ ಅರ್ಥಿಗೂ ನಡುವೆ ಕನಿಷ್ಠ 1 ಮೆಗಾ ಓಮ್ ಬರಬೇಕು. ಮೆಗ್ಗರ್ ಹಾಕುವ ಮುನ್ನ ಎಲ್‌ಇಡಿ ಬಲ್ಬ್‌ಗಳನ್ನೆಲ್ಲ ತೆಗೆದಿರಬೇಕು, ಇಲ್ಲದಿದ್ದರೆ ಅವು ಕೆಡಬಹುದು. ಬರೀ ಜೊತೆವೈರಿನ ಪ್ರಭಾವವಾಗಿದ್ದು ಮಿಣುಕು ಕಣ್ಣಿಗೆ ಕಿರಿಕಿರಿ ಎನಿಸಿದರೆ ಬಲ್ಬಿನ ಕಂಪನಿ ಬದಲಿಸಿ ನೋಡಿ. ಹೋಗದಿದ್ದರೆ ಹೋಲ್ಡರಿನ ಎರಡು ತುದಿಗೆ 0.1 ಮೈಕ್ರೋಫ್ಯಾರಡ್‌ನ, 275 ವೋಲ್ಟ್ ಎಸಿಗೆ ತಾಳುವ ಎಕ್ಸ್2 ಕೆಪಾಸಿಟರನ್ನು 100 ಓಮ್ ರೆಸಿಸ್ಟರ್ ಜೊತೆ ಹಾಕಿದರೆ ನಿಲ್ಲುತ್ತದೆ. ಫ್ಯಾನಿನ ಕೆಪಾಸಿಟರ್ ಹಾಕುತ್ತೇನೆ ಎನ್ನುವವರನ್ನು ತಡೆಯಿರಿ. ಅದರ ಅಳತೆಯೇ ಬೇರೆ.

ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ನೆಲಕ್ಕೆ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇಲ್ಲದಿದ್ದರೆ ಇದೇ ಸಂದರ್ಭದಲ್ಲಿ ಹಾಕಿಸಿ. ಹಳೆಯ ವೈರಿಂಗ್‌ನಲ್ಲಿ ಅದು ಪದೇಪದೇ ಟ್ರಿಪ್ ಆದರೆ “ಸ್ವಿಚ್ ಸರಿಯಿಲ್ಲ” ಎಂದು ತೆಗೆಸಬೇಡಿ. ಸರಿಯಿಲ್ಲದ್ದು ವೈರಿಂಗ್.

ಸುಟ್ಟ ಎಲ್‌ಇಡಿ ಬಗ್ಗೆ. ಕೆಡುವುದು ಬಹುತೇಕ ಚಿಪ್ ಅಲ್ಲ, ಅದರ ಹಿಂದಿನ ಡ್ರೈವರ್. ಅದರ ಶತ್ರು ಬಿಸಿ. ಡ್ರೈವರಿನ ಕೆಪಾಸಿಟರ್ 10 ಡಿಗ್ರಿ ಹೆಚ್ಚು ಕಾದರೆ ಆಯುಷ್ಯ ಅರ್ಧವಾಗುತ್ತದೆ ಎಂಬುದು ನಮ್ಮ ಕಸುಬಿನ ಸ್ಥೂಲ ಲೆಕ್ಕ. ಗುಂಡು ಬಲ್ಬಿಗೆಂದು ಮಾಡಿದ ಮುಚ್ಚಿದ ಗಾಜಿನ ಬುರುಡೆಯೊಳಗೆ ಎಲ್‌ಇಡಿ ಹಾಕಿದ್ದರೆ ಬುರುಡೆ ತೆಗೆಯಿರಿ. ಸಡಿಲ ಹೋಲ್ಡರಿನಲ್ಲಿ ಕಿಡಿ ಹಾರಿಯೂ ಸಾಯುತ್ತವೆ. ಬಿಐಎಸ್ ಗುರುತು, ವಾರಂಟಿ ಇರುವುದನ್ನೇ ತಂದು, ಬಲ್ಬಿನ ತಳದಲ್ಲಿ ತಂದ ತಾರೀಕು ಬರೆದು, ರಸೀದಿ ಇಟ್ಟುಕೊಳ್ಳಿ. ಆದರೆ ಒಂದರ ಹಿಂದೆ ಒಂದು ಸುಡುತ್ತಿದ್ದರೆ, ಅಥವಾ ದೀಪಗಳು ಒಮ್ಮೆ ಮಂಕಾಗಿ ಒಮ್ಮೆ ವಿಪರೀತ ಪ್ರಖರವಾಗುತ್ತಿದ್ದರೆ, ಕಂಬದಲ್ಲೋ ಟಿಸಿಯಲ್ಲೋ ನ್ಯೂಟ್ರಲ್ ಸಡಿಲವಾಗಿರಬಹುದು. ನ್ಯೂಟ್ರಲ್ ಪೂರ್ತಿ ಕಳಚಿದರೆ ಮನೆಗೆ 300 ವೋಲ್ಟ್ ಮೀರಿ ಬರಬಹುದು, ಟಿವಿ, ಫ್ರಿಜ್ ಎಲ್ಲ ಹೋಗುತ್ತವೆ. ಅಂಥ ಲಕ್ಷಣ ಕಂಡ ಕೂಡಲೇ ಮೇನ್ ಆಫ್ ಮಾಡಿ 1912ಕ್ಕೆ ದೂರು ಕೊಡಿ.

ನೀವು ಕೇಳಿಲ್ಲ, ಆದರೂ ಮಗ್ಗದ ವಿಷಯ ಒಂದಿಷ್ಟು ಹೇಳಬೇಕು. 9 ವ್ಯಾಟಿನ ಎಲ್‌ಇಡಿ ಸುಮಾರು 900 ಲ್ಯೂಮೆನ್ ಕೊಡುತ್ತದೆ, ನಿಮ್ಮ 60ರ ಬಲ್ಬ್ 700 ಕೊಡುತ್ತಿತ್ತು. ಅಳತೆಯಲ್ಲಿ ಬೆಳಕು ಹೆಚ್ಚೇ ಆಗಿದೆ. ಆದರೂ ಖಣದ ಕಡುಗೆಂಪು ಮೊದಲಿನ ಹಾಗೆ ಕಾಣುತ್ತಿಲ್ಲ, ಎರಡು ಲಡಿಯ ಕೆಂಪು ಹಗಲಲ್ಲಿ ಬೇರೆ ಕಂಡು ರಾತ್ರಿ ಒಂದೇ ಅನಿಸುತ್ತದೆ ಎಂದಾದರೆ ನಿಮ್ಮ ಕಣ್ಣಿನ ದೋಷವಲ್ಲ. ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದಕ್ಕೆ ಸಿಆರ್‌ಐ ಎಂಬ ಅಳತೆ ಇದೆ. ಗುಂಡು ಬಲ್ಬಿನದು ಹತ್ತಿರ ಹತ್ತಿರ 100, ಸಾಮಾನ್ಯ ಎಲ್‌ಇಡಿಯದು 80ರ ಸುಮಾರು, ಅದರಲ್ಲೂ ಗಾಢ ಕೆಂಪಿನಲ್ಲಿ ಅದು ಬಹಳ ದುರ್ಬಲ. ಮಗ್ಗದ ಮೇಲಿನ ಎರಡು ಬಲ್ಬ್ ಮಾತ್ರ ಸಿಆರ್‌ಐ 90ಕ್ಕಿಂತ ಹೆಚ್ಚಿರುವುದನ್ನು ಕೇಳಿ ತನ್ನಿ. ಬೆಲೆ ಸ್ವಲ್ಪ ಹೆಚ್ಚು, ವ್ಯಾಟ್ ಅಷ್ಟೇ. ಮೊಬೈಲ್ ಕ್ಯಾಮೆರಾವನ್ನು ಬಲ್ಬಿನ ಹತ್ತಿರ ಹಿಡಿದಾಗ ಪರದೆಯ ಮೇಲೆ ಕಪ್ಪು ಪಟ್ಟಿಗಳು ಓಡಿದರೆ ಆ ಬಲ್ಬ್ ಸೆಕೆಂಡಿಗೆ 100 ಸಲ ಮಿಟುಕುತ್ತಿದೆ ಎಂದರ್ಥ. ದಿನಕ್ಕೆ ಆರು ತಾಸು ಎಳೆ ನೋಡುವವರಿಗೆ ಅದರಿಂದ ತಲೆನೋವು ಬರಬಹುದು. ಅಂಥದನ್ನು ಬಚ್ಚಲಿಗೆ ಹಾಕಿ.

ಕೊನೆಗೆ, ಆ 9 ಯೂನಿಟ್. ಗೃಹಜ್ಯೋತಿಯಲ್ಲಿ ನಿಮ್ಮ ಮಿತಿ ಬಂದಿರುವುದು 2022-23ರ ಸರಾಸರಿಗೆ ಶೇ 10 ಸೇರಿಸಿ. ಮಿತಿ ದಾಟಿ 200ರ ಒಳಗಿದ್ದರೆ ದಾಟಿದಷ್ಟಕ್ಕೇ ಹಣ, 200 ದಾಟಿದರೆ ಇಡೀ ಬಿಲ್ ನಿಮ್ಮದು. ಹಾಗಾಗಿ ಈಗ ಗಾಬರಿ ಬೇಡ. ದೇವರ ಜಗಲಿಯಲ್ಲಿ ರಾತ್ರಿ ಉರಿಯುವ ಜೀರೋ ಬಲ್ಬನ್ನು ನೀವು ಬದಲಿಸಿಲ್ಲ ಅನಿಸುತ್ತದೆ, ಮಗಳ ಕೈಗೆ ಸಿಕ್ಕಿದ್ದೂ ಅದೇ ಇರಬೇಕು. ಹೆಸರು ಜೀರೋ ಆದರೂ ಅದು 15 ವ್ಯಾಟಿನದು. ರಾತ್ರಿ ಹತ್ತು ಗಂಟೆಯಂತೆ ತಿಂಗಳಿಗೆ 4.5 ಯೂನಿಟ್. ಅರ್ಧ ವ್ಯಾಟಿನ ಎಲ್‌ಇಡಿ ರಾತ್ರಿದೀಪ ಹಾಕಿದರೆ 0.15. ಟಿವಿಯ ಸೆಟ್‌ಟಾಪ್ ಬಾಕ್ಸ್ ರಿಮೋಟಿನಲ್ಲಿ ಆರಿಸಿದರೂ 10 ವ್ಯಾಟಿನಷ್ಟು ಎಳೆಯುತ್ತಲೇ ಇರುತ್ತದೆ. ನೋಡದ 18 ಗಂಟೆ ಸ್ವಿಚ್‌ಬೋರ್ಡಿನಲ್ಲೇ ಆರಿಸಿದರೆ ತಿಂಗಳಿಗೆ 5.4 ಯೂನಿಟ್. ಈ ಎರಡರಿಂದಲೇ 9 ದಾಟಿತು. ಮೇ ತಿಂಗಳಲ್ಲಿ ಫ್ಯಾನ್ ಇನ್ನೂ ಹೆಚ್ಚು ತಿರುಗಿದರೆ ಇದು ಸಾಲುವುದಿಲ್ಲ. ಆಗ ಅತಿ ಹೆಚ್ಚು ಹೊತ್ತು ತಿರುಗುವ ಒಂದು ಫ್ಯಾನನ್ನು 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನಿಗೆ ಬದಲಿಸಿ. ದಿನಕ್ಕೆ 12 ಗಂಟೆಯ ಲೆಕ್ಕದಲ್ಲಿ 16 ಯೂನಿಟ್ ಉಳಿಯುತ್ತದೆ. ಮೂರನ್ನೂ ಒಮ್ಮೆಗೇ ಬದಲಿಸುವ ಅವಸರ ಬೇಡ, ಮೊದಲು ಆ ರೊಕ್ಕ ವೈರಿಂಗ್‌ಗೆ ಹೋಗಲಿ.

ಮಗಳ ಪ್ರದರ್ಶನವನ್ನು 230 ವೋಲ್ಟಿನಲ್ಲಿ ಮಾಡಿಸಬೇಡಿ. ನೂರಾರು ಮಕ್ಕಳು ಕೈ ಹಾಕುವ ಟೇಬಲ್ ಅದು. ಬೈಕ್ ಬಿಡಿಭಾಗದ ಅಂಗಡಿಯಲ್ಲಿ 12 ವೋಲ್ಟಿನ 10 ವ್ಯಾಟಿನ ಇಂಡಿಕೇಟರ್ ಬಲ್ಬ್ ಒಂದು, 12 ವೋಲ್ಟಿನದೇ ಅತಿ ಸಣ್ಣ ಪೈಲಟ್ ಬಲ್ಬ್ ಒಂದು ತನ್ನಿ. ಬೈಕಿನ ಬ್ಯಾಟರಿ, ಅದಕ್ಕೊಂದು 2 ಆಂಪಿಯರ್ ಫ್ಯೂಜ್, ಎರಡು ಹೋಲ್ಡರ್ ಸಾಕು. ಎಲ್‌ಇಡಿ ಇಂಡಿಕೇಟರ್ ಕೊಡುತ್ತಾರೆ, ತಗೊಳ್ಳಬೇಡಿ, ತಂತಿಯ ಬಲ್ಬೇ ಬೇಕು ಎಂದು ಹೇಳಿ. ಮೊದಲು ಪ್ಯಾರಲಲ್‌ನಲ್ಲಿ ಹಚ್ಚಿ ತೋರಿಸಲಿ, ಆಮೇಲೆ ಸೀರೀಸ್‌ನಲ್ಲಿ. ಪಕ್ಕದಲ್ಲಿ ಮಲ್ಟಿಮೀಟರ್ ಇಟ್ಟು ಎರಡೂ ಬಲ್ಬಿನ ತುದಿಗಳ ವೋಲ್ಟ್ ಅಳೆದು ಬೋರ್ಡಿನ ಮೇಲೆ ಬರೆದರೆ, ನೋಡಲು ಬಂದ ಮೇಷ್ಟ್ರು ಕೇಳುವ ಪ್ರಶ್ನೆಗೆ ಉತ್ತರ ಅಲ್ಲೇ ಇರುತ್ತದೆ.